ಎಕ್ಸ್‌ಪ್ರೆಸ್ ಸರ್ವರ್: ಒಂದೇ ಸದಸ್ಯರ ದಾಖಲೆ ಎರಡೆರಡು ಬಾರಿ ಸೇರುತ್ತಿದೆ, ತಪಾಸಣೆ ಎಲ್ಲಿರಬೇಕು?

ಗ್ರಂಥಪಾಲಕ

ಎಲ್ಲರಿಗೂ ನಮಸ್ಕಾರ. ಖಾಸಗಿ ವಾಚನಾಲಯವೊಂದಕ್ಕೆ ಸದಸ್ಯರ ನೋಂದಣಿಯ ವ್ಯವಸ್ಥೆಯನ್ನು ನೋಡ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮತ್ತು ಅದರ ಮೇಲಿನ ವೆಬ್ ಚೌಕಟ್ಟಾದ ಎಕ್ಸ್‌ಪ್ರೆಸ್ 4 ಬಳಸಿ ಬರೆದಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಓಆರ್‌ಎಂ (ಎಸ್‌ಕ್ಯೂಎಲ್ ಅನ್ನು ತಾನೇ ಬರೆದುಕೊಡುವ ಪದರ) ಇಟ್ಟುಕೊಂಡಿಲ್ಲ, ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಪಿಜಿ ಪ್ಯಾಕೇಜಿನ ಮೂಲಕ ನೇರವಾಗಿ ಎಸ್‌ಕ್ಯೂಎಲ್ ಕಳುಹಿಸುತ್ತೇನೆ.

ಹೊಸ ಸದಸ್ಯರ ಅರ್ಜಿ ಪೋಸ್ಟ್ ಕೋರಿಕೆಯಾಗಿ ಬಂದಾಗ ರೂಟ್ ಹ್ಯಾಂಡ್ಲರ್ (ಆ ಕೋರಿಕೆಗೆ ಉತ್ತರಿಸುವ ಫಂಕ್ಷನ್) ಮೊದಲು ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳು ಬಂದಿವೆಯೇ ಎಂದು ನೋಡುತ್ತದೆ. ಅನಂತರ ಅದೇ ಮೊಬೈಲ್ ಸಂಖ್ಯೆಯವರು ಈಗಾಗಲೇ ಇದ್ದಾರೆಯೇ ಎಂದು ತಿಳಿಯಲು ಒಂದು ಸೆಲೆಕ್ಟ್ (ಟೇಬಲ್ ಓದುವ ಎಸ್‌ಕ್ಯೂಎಲ್ ವಾಕ್ಯ) ನಡೆಸುತ್ತದೆ. ಯಾರೂ ಸಿಗದಿದ್ದರೆ ಸದಸ್ಯರ ಟೇಬಲ್‌ಗೆ ಒಂದು ಸಾಲನ್ನೂ ಠೇವಣಿ ರಸೀದಿಯ ಟೇಬಲ್‌ಗೆ ಇನ್ನೊಂದು ಸಾಲನ್ನೂ ಸೇರಿಸಿ, 200 (ಯಶಸ್ಸನ್ನು ಸೂಚಿಸುವ ಎಚ್‌ಟಿಟಿಪಿ ಸಂಕೇತ) ಎಂದು ಉತ್ತರ ಕೊಡುತ್ತದೆ.

ತೊಂದರೆ ಎರಡು. ಸೆಲೆಕ್ಟ್ ಇದ್ದರೂ ಕೆಲವರ ದಾಖಲೆ ಎರಡೆರಡು ಬಾರಿ ಸೇರುತ್ತಿದೆ, ಮತ್ತು ಅಂಥ ಎರಡು ಸಾಲುಗಳ ನಡುವಿನ ಅಂತರ ಒಂದು ಸೆಕೆಂಡಿಗಿಂತಲೂ ಕಡಿಮೆ ಇರುತ್ತದೆ. ಇನ್ನು ಕೆಲವು ಸದಸ್ಯರಿಗೆ ರಸೀದಿಯ ಸಾಲೇ ಇಲ್ಲ. ಹ್ಯಾಂಡ್ಲರ್‌ನಲ್ಲಿ ಇನ್ನಷ್ಟು ತಪಾಸಣೆ ಸೇರಿಸಿದರೆ ಸರಿಹೋಗುತ್ತದೆ ಎಂದು ಜೊತೆಗೆ ಕೆಲಸ ಮಾಡುವ ಗೆಳೆಯರು ಹೇಳುತ್ತಾರೆ. ಆದರೆ ಅದು ಈಗಾಗಲೇ ಪುಟಗಟ್ಟಲೆ ಉದ್ದವಾಗಿದೆ. ಈ ತಪಾಸಣೆಗಳು ನಿಜವಾಗಿ ಇರಬೇಕಾದ ಜಾಗ ಯಾವುದು?

ನೋಡ್ಗಾರ

ಡೇಟಾಬೇಸ್. ಹ್ಯಾಂಡ್ಲರ್‌ನಲ್ಲಿ ಎಷ್ಟು ತಪಾಸಣೆ ಸೇರಿಸಿದರೂ ಈ ತೊಂದರೆ ಹೋಗುವುದಿಲ್ಲ.

ಕಾರಣ ಸರಳವಾಗಿದೆ. ನಿಮ್ಮ ಸೆಲೆಕ್ಟ್ ಮತ್ತು ಸಾಲು ಸೇರಿಸುವ ಇನ್ಸರ್ಟ್ ಎರಡೂ ಡೇಟಾಬೇಸಿಗೆ ಮಾಡುವ ಬೇರೆ ಬೇರೆ ಪ್ರಯಾಣಗಳು. ಸೆಲೆಕ್ಟ್ ಕಳುಹಿಸಿ ಅವೈಟ್ ಎಂದು ಕಾಯುವಾಗ ನೋಡ್ ಸುಮ್ಮನೆ ಕೂರುವುದಿಲ್ಲ. ಅಷ್ಟರಲ್ಲಿ ಬಂದ ಇನ್ನೊಂದು ಕೋರಿಕೆಯನ್ನು ಕೈಗೆತ್ತಿಕೊಂಡು ಅದರ ಸೆಲೆಕ್ಟನ್ನೂ ಕಳುಹಿಸಿಬಿಡುತ್ತದೆ. ಎರಡಕ್ಕೂ ‘ಯಾರೂ ಇಲ್ಲ’ ಎಂಬ ಉತ್ತರವೇ ಬರುತ್ತದೆ, ಎರಡೂ ಇನ್ಸರ್ಟ್ ಮಾಡುತ್ತವೆ. ನೋಡ್ ಒಂದೇ ಥ್ರೆಡ್ಡಿನಲ್ಲಿ ಓಡುವುದರಿಂದ ಇಂಥದ್ದು ನಡೆಯಲಾರದು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಅವೈಟ್ ಇರುವಲ್ಲೆಲ್ಲ ಸರದಿ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಮೊಬೈಲ್ ಕಾಲಮ್ಮಿಗೆ ಯೂನೀಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಾಲುಗಳಲ್ಲಿ ಬರದಂತೆ ತಡೆಯುವ ನಿಯಮ) ಹಾಕಿರಿ. ಸೆಲೆಕ್ಟನ್ನು ತೆಗೆದುಹಾಕಿ ನೇರವಾಗಿ ಇನ್ಸರ್ಟ್ ಮಾಡಿರಿ. ನಿರ್ಬಂಧ ಮುರಿದರೆ ಪೋಸ್ಟ್‌ಗ್ರೆಸ್ 23505 ಎಂಬ ದೋಷಸಂಕೇತವನ್ನು ಕೊಡುತ್ತದೆ. ಕ್ಯಾಚ್‌ನಲ್ಲಿ ಅದನ್ನು ಗುರುತಿಸಿ 409 (ಈಗಾಗಲೇ ಇರುವುದರೊಂದಿಗೆ ಘರ್ಷಣೆ) ಎಂದು ಉತ್ತರಿಸಿರಿ. ಪ್ರಿಸ್ಮಾ ಎಂಬ ಓಆರ್‌ಎಂ ಬಳಸುವವರಿಗೆ ಇದೇ ದೋಷ ಪಿ2002 ಎಂದು ಕಾಣುತ್ತದೆ.

ಹೊಸಬ_ವೆಬ್

ಸಲ್ಲಿಸುವ ಗುಂಡಿಯನ್ನು ಒಮ್ಮೆ ಒತ್ತಿದ ಕೂಡಲೇ ನಿಷ್ಕ್ರಿಯಗೊಳಿಸಿದರೆ ಸಾಲದೇ?

ನೋಡ್ಗಾರ

ಸಾಲದು. ಅದನ್ನು ಮಾಡಬೇಡಿ ಎಂದು ಹೇಳುತ್ತಿಲ್ಲ, ಬಳಕೆದಾರರಿಗೆ ಅದರಿಂದ ಅನುಕೂಲವೇ. ಆದರೆ ಪುಟವನ್ನು ರಿಫ್ರೆಶ್ ಮಾಡಿ ‘ಮತ್ತೆ ಕಳುಹಿಸಲೇ’ ಎಂಬ ಪ್ರಶ್ನೆಗೆ ಹೂಂ ಎಂದವರನ್ನು, ಎರಡು ಟ್ಯಾಬ್ ತೆರೆದವರನ್ನು, ಉತ್ತರ ಬರುವ ಮೊದಲೇ ನೆಟ್‌ವರ್ಕ್ ಕಡಿದು ಮತ್ತೆ ಪ್ರಯತ್ನಿಸಿದವರನ್ನು ಆ ಗುಂಡಿ ತಡೆಯಲಾರದು. ಬ್ರೌಸರಿನಲ್ಲಿ ಇಟ್ಟ ಕಾವಲು ಸರ್ವರಿಗೆ ಕಾವಲಾಗುವುದಿಲ್ಲ.

ಬಯಲುಸೀಮೆ

ನೋಡ್ಗಾರರು ಹೇಳಿದ ರೋಗನಿದಾನ ಸರಿಯಾಗಿದೆ, ಆದರೆ ಕೊಟ್ಟ ಔಷಧ ಈ ರೋಗಿಗೆ ಆಗದು. ಮೊಬೈಲ್ ಸಂಖ್ಯೆಯನ್ನು ಯೂನೀಕ್ ಮಾಡುವುದೆಂದರೆ ಒಂದು ಸಂಖ್ಯೆಗೆ ಒಬ್ಬರೇ ಸದಸ್ಯರು ಎಂದು ಘೋಷಿಸಿದಂತೆ. ನಮ್ಮ ಕಡೆಯ ಊರುಗಳಲ್ಲಿ ಮನೆಗೊಂದು ಸಂಖ್ಯೆಯನ್ನು ಎಲ್ಲ ಅರ್ಜಿಗಳಿಗೂ ಬರೆಯುವುದು ಈಗಲೂ ರೂಢಿ. ಅಜ್ಜಿಗೂ ಮೊಮ್ಮಗಳಿಗೂ ವಾಚನಾಲಯದ ಸದಸ್ಯತ್ವ ಬೇಕಿದ್ದರೆ ಇಬ್ಬರ ಅರ್ಜಿಯಲ್ಲೂ ಮಗನ ಮೊಬೈಲ್ ಸಂಖ್ಯೆಯೇ ಇರುತ್ತದೆ. ನಿಮ್ಮ 409 ಆ ಮೊಮ್ಮಗಳನ್ನು ಬಾಗಿಲಿನಲ್ಲೇ ತಡೆಯುತ್ತದೆ. ಆಗ ಮೇಜಿನ ಮುಂದೆ ಕುಳಿತ ಸಿಬ್ಬಂದಿ ಏನು ಮಾಡುತ್ತಾರೆ ಎಂಬುದು ನಿಮಗೂ ಗೊತ್ತು: ಕೊನೆಯ ಅಂಕಿಯನ್ನು ಬದಲಿಸಿ ಸುಳ್ಳು ಸಂಖ್ಯೆ ತುಂಬುತ್ತಾರೆ. ನಿರ್ಬಂಧವೂ ಉಳಿಯಿತು, ಮಾಹಿತಿಯೂ ಕೆಟ್ಟಿತು.

ಇಲ್ಲಿ ಎರಡು ಬಗೆಯ ನಕಲುಗಳನ್ನು ಒಂದೆಂದು ತಿಳಿಯಲಾಗಿದೆ. ಒಂದೇ ಕೋರಿಕೆ ಎರಡು ಬಾರಿ ಬರುವುದು ಒಂದು. ಒಬ್ಬರೇ ವ್ಯಕ್ತಿ ಎರಡು ಬಾರಿ ಸೇರುವುದು ಇನ್ನೊಂದು. ಗ್ರಂಥಪಾಲಕರು ಹೇಳಿದ ಒಂದು ಸೆಕೆಂಡಿಗಿಂತ ಕಡಿಮೆ ಅಂತರ ಮೊದಲನೆಯದನ್ನು ಸೂಚಿಸುತ್ತದೆ. ಅದಕ್ಕೆ ಮೊಬೈಲ್ ಸಂಖ್ಯೆಯ ಗೊಡವೆಯೇ ಬೇಡ.

ನೋಡ್ಗಾರ

ಮನೆಗೊಂದು ಸಂಖ್ಯೆ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಮೂಲ ಹ್ಯಾಂಡ್ಲರೇ ಮೊಬೈಲ್ ಸಂಖ್ಯೆಯನ್ನು ನೋಡಿ ತಡೆಯುತ್ತಿತ್ತಲ್ಲ? ನಿಯಮ ಅವರದು, ನಾನು ಅದನ್ನು ಕೆಲಸ ಮಾಡುವ ಜಾಗಕ್ಕೆ ಸರಿಸಿದೆ, ಅಷ್ಟೆ. ನಿಯಮವೇ ತಪ್ಪಾಗಿದ್ದರೆ ಹೆಸರು, ಜನ್ಮದಿನಾಂಕ ಮತ್ತು ಮೊಬೈಲ್ ಮೂರನ್ನೂ ಸೇರಿಸಿ ಯೂನೀಕ್ ಮಾಡಬಹುದು.

ಲಿಪಿಕಾರ

ಹೆಸರನ್ನು ಯೂನೀಕ್ ನಿರ್ಬಂಧದೊಳಗೆ ತರುವ ಮೊದಲು ಕನ್ನಡ ಯೂನಿಕೋಡ್ ಬಗ್ಗೆ ಸ್ವಲ್ಪ ಯೋಚಿಸುವುದು ಒಳ್ಳೆಯದು.

‘ಗೋಪಾಲ’ ಎಂಬ ಹೆಸರಿನ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ ಮತ್ತು ಕೊನೆಯ ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಡೇಟಾಬೇಸಿಗೆ ಅವು ಎರಡು ಬೇರೆ ಪದಗಳು. ಕೀಲಿಮಣೆಯಿಂದ ಟೈಪಿಸಿದ ಹೆಸರು ಸಾಮಾನ್ಯವಾಗಿ ಮೊದಲ ರೂಪದಲ್ಲಿರುತ್ತದೆ. ಹಳೆಯ ಆಸ್ಕಿ ಕಾಲದ ನುಡಿ ಅಥವಾ ಬರಹ ತಂತ್ರಾಂಶದ ಕಡತಗಳನ್ನು ಅರೆಬರೆ ಪರಿವರ್ತಕಕ್ಕೆ ಹಾಕಿ ತಂದರೆ ಎರಡನೆಯ ರೂಪ ಬಂದುಬಿಡಬಹುದು. ಇನ್ಸರ್ಟ್ ಮಾಡುವ ಮೊದಲು ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಫಂಕ್ಷನ್ನನ್ನು ಎನ್‌ಎಫ್‌ಸಿ ಎಂಬ ಆಯ್ಕೆಯೊಂದಿಗೆ ಕರೆದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ.

ಅದರಿಂದಲೂ ಎಲ್ಲ ಮುಗಿಯುವುದಿಲ್ಲ. ‘ರಾಜ್‌ಕುಮಾರ್’ ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಮುಟ್ಟಲೂ ಬಾರದು, ಏಕೆಂದರೆ ಅದನ್ನು ಕಿತ್ತರೆ ‘ರಾಜ್ಕುಮಾರ್’ ಆಗುತ್ತದೆ. ಹೀಗಾಗಿ ಜನ ಬರೆದ ಹೆಸರನ್ನು ಬರೆದಂತೆಯೇ ಒಂದು ಕಾಲಮ್ಮಿನಲ್ಲಿ ಇರಿಸಿ, ಅದೃಶ್ಯ ಸಂಕೇತಗಳನ್ನೂ ಹೆಚ್ಚುವರಿ ಖಾಲಿಜಾಗಗಳನ್ನೂ ತೆಗೆದ ಇನ್ನೊಂದು ರೂಪವನ್ನು ಹೋಲಿಕೆಗಾಗಿಯೇ ಬೇರೆ ಕಾಲಮ್ಮಿನಲ್ಲಿ ಇರಿಸುವುದು ಸರಿ. ‘ಗೌಡ’ ಮತ್ತು ‘ಗೌಡರ್’, ಇನಿಷಿಯಲ್ ಹಿಂದೆ ಮತ್ತು ಮುಂದೆ, ಇವುಗಳನ್ನು ಯಾವ ಫಂಕ್ಷನ್ನೂ ಒಂದುಗೂಡಿಸಲಾರದು.

ಬಯಲುಸೀಮೆ

ಲಿಪಿಕಾರರ ಮಾತು ನನ್ನ ವಾದಕ್ಕೇ ಬಲ ಕೊಟ್ಟಿತು. ಹೆಸರಿನ ಮೇಲೆ ಯೂನೀಕ್ ಬೇಡ. ‘ಇವರು ಈಗಾಗಲೇ ಇರಬಹುದೇ, ನೋಡಿರಿ’ ಎಂದು ಪರದೆಯ ಮೇಲೆ ಸಿಬ್ಬಂದಿಗೆ ಸೂಚನೆ ಕೊಟ್ಟರೆ ಸಾಕು; ತೀರ್ಮಾನ ಮನುಷ್ಯರದ್ದಾಗಲಿ.

ಹೊಸಬ_ವೆಬ್

ಅದರ ಜೊತೆಗೆ ಒಂದು ಸಣ್ಣ ಸಂದೇಹ. ‘ರಾಷ್ಟ್ರ’ ಎಂಬ ಪದಕ್ಕೆ ಜಾವಾಸ್ಕ್ರಿಪ್ಟಿನ ಲೆಂತ್ 7 ಎಂದು ತೋರಿಸುತ್ತದೆ. ಟೇಬಲ್ಲಿನಲ್ಲಿ ವಾರ್‌ಕ್ಯಾರ್ 50 (50ರ ಮಿತಿಯ ಪಠ್ಯ) ಎಂದು ಕೊಟ್ಟರೆ ಎಷ್ಟು ಕನ್ನಡ ಅಕ್ಷರ ಹಿಡಿಸುತ್ತದೆ?

ಲಿಪಿಕಾರ

ಪೋಸ್ಟ್‌ಗ್ರೆಸ್ ಕೂಡ ಯೂನಿಕೋಡ್ ಸಂಕೇತಗಳನ್ನೇ ಎಣಿಸುತ್ತದೆ, ಆದ್ದರಿಂದ ಅಲ್ಲಿಯೂ ಅದು 7. ನಾವು ಎರಡಕ್ಷರ ಎಂದು ಓದುವ ಪದ ಅಲ್ಲಿ ಏಳಾಗುತ್ತದೆ: ರ, ಆತ್ವ, ಷ, ಹಲಂತ, ಟ, ಹಲಂತ, ರ. ಹೆಸರಿಗೆ 50 ಎಂಬ ಮಿತಿಯನ್ನು ಇಂಗ್ಲಿಷ್ ಹೆಸರುಗಳ ಲೆಕ್ಕದಲ್ಲಿ ಇಟ್ಟವರು ಕನ್ನಡದ ಉದ್ದ ಹೆಸರು, ತಂದೆಯ ಹೆಸರು, ಊರಿನ ಹೆಸರು ಸೇರಿದಾಗ ತೊಂದರೆಗೆ ಸಿಗುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಟೆಕ್ಸ್ಟ್ ಎಂಬ ಬಗೆಯನ್ನೇ ಬಳಸಿ, ಮಿತಿ ಬೇಕಾದರೆ ಚೆಕ್ ನಿರ್ಬಂಧದಲ್ಲಿ ಉದಾರವಾಗಿ ಇಡಿರಿ.

ಮೈಎಸ್‌ಕ್ಯೂಎಲ್‌ನವರಿಗೆ ಒಂದು ಮಾತು: ಅಲ್ಲಿನ ಹಳೆಯ ಯುಟಿಎಫ್8 ಒಂದು ಸಂಕೇತಕ್ಕೆ ಮೂರು ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡದ ಸಂಕೇತಗಳು ಮೂರು ಬೈಟಿನವೇ ಆದ್ದರಿಂದ ಸಮಸ್ಯೆ ಕಾಣುವುದಿಲ್ಲ. ಯಾರೋ ಎಮೋಜಿ ಸೇರಿಸಿದ ದಿನ ಇನ್ಸರ್ಟ್ ಮುರಿಯುತ್ತದೆ. ಹೊಸ ಟೇಬಲ್ಲಿಗೆ ಯುಟಿಎಫ್8ಎಂಬಿ4 ಬಳಸಿರಿ. ಮೈಎಸ್‌ಕ್ಯೂಎಲ್ 8ರಲ್ಲಿ ಅದೇ ಮೂಲ ಆಯ್ಕೆ.

ಕರಾವಳಿ_ಕೋಡ್

ಮೂಲ ಪ್ರಶ್ನೆಗೆ ಬರೋಣ. ಒಂದೇ ಕೋರಿಕೆ ಎರಡು ಬಾರಿ ಬರುವುದಕ್ಕೆ ಹಣಪಾವತಿಯ ಸೇವೆಗಳು ಬಹಳ ಹಿಂದೆಯೇ ದಾರಿ ಕಂಡುಕೊಂಡಿವೆ. ಸ್ಟ್ರೈಪ್‌ನಂಥ ಸೇವೆಗಳಲ್ಲಿ ಪ್ರತಿ ಸೃಷ್ಟಿಕೋರಿಕೆಯ ಹೆಡರಿನಲ್ಲಿ ಐಡೆಂಪೊಟೆನ್ಸಿ ಕೀ ಎಂಬ ಗುರುತನ್ನು ಕಳುಹಿಸಬಹುದು. ಅದೇ ಗುರುತಿನೊಂದಿಗೆ ಎರಡನೆಯ ಕೋರಿಕೆ ಬಂದರೆ ಹೊಸ ಪಾವತಿ ಸೃಷ್ಟಿಯಾಗದೆ ಹಳೆಯ ಉತ್ತರವೇ ಮರಳುತ್ತದೆ.

ನಿಮ್ಮ ಸಣ್ಣ ವ್ಯವಸ್ಥೆಗೆ ಹೆಡರ್ ಕೂಡ ಬೇಕಿಲ್ಲ. ಅರ್ಜಿಯ ಪುಟವನ್ನು ಸರ್ವರ್ ಕಳುಹಿಸುವಾಗಲೇ ಒಂದು ಯುಯುಐಡಿ (ಮತ್ತೆ ಬಾರದಂಥ ಯಾದೃಚ್ಛಿಕ ಗುರುತು) ಸೃಷ್ಟಿಸಿ ಗುಪ್ತ ಫೀಲ್ಡಿನಲ್ಲಿ ಇಡಿರಿ. ಸದಸ್ಯರ ಟೇಬಲ್ಲಿನಲ್ಲಿ ‘ಅರ್ಜಿ ಗುರುತು’ ಎಂಬ ಕಾಲಮ್ ಮಾಡಿ ಅದಕ್ಕೆ ಮಾತ್ರ ಯೂನೀಕ್ ನಿರ್ಬಂಧ ಹಾಕಿರಿ. ಇನ್ಸರ್ಟ್ ವಾಕ್ಯದ ಕೊನೆಗೆ ‘ಆನ್ ಕಾನ್ಫ್ಲಿಕ್ಟ್ ಡು ನಥಿಂಗ್’ (ಘರ್ಷಣೆಯಾದರೆ ಏನೂ ಮಾಡಬೇಡ) ಮತ್ತು ‘ರಿಟರ್ನಿಂಗ್’ (ಸೇರಿದ ಸಾಲನ್ನು ಮರಳಿಸು) ಸೇರಿಸಿರಿ, ಪೋಸ್ಟ್‌ಗ್ರೆಸ್ 9.5ರಿಂದಲೂ ಈ ಸೌಲಭ್ಯವಿದೆ. ಒಂದು ಸಾಲು ಮರಳಿದರೆ ಅದು ಹೊಸ ಸದಸ್ಯ. ಸಾಲೇ ಮರಳದಿದ್ದರೆ ಅದೇ ಅರ್ಜಿ ಮತ್ತೆ ಬಂದಿದೆ ಎಂದರ್ಥ. ಆಗ ಆ ಗುರುತಿನ ಸಾಲನ್ನು ಸೆಲೆಕ್ಟ್ ಮಾಡಿ ಯಶಸ್ಸಿನ ಉತ್ತರವನ್ನೇ ಕೊಡಿರಿ. ಗುಂಡಿಯನ್ನು ಎರಡು ಬಾರಿ ಒತ್ತಿದವರಿಗೆ ದೋಷದ ಪರದೆ ತೋರಿಸುವ ಅಗತ್ಯವೇ ಇಲ್ಲ, ಅವರ ಕೆಲಸ ಆಗಿದೆ.

ಯುಯುಐಡಿಯನ್ನು ಬ್ರೌಸರಿನಲ್ಲೇ ಸೃಷ್ಟಿಸಲು ಹೊರಟರೆ ಒಂದು ಎಚ್ಚರಿಕೆ. ಕ್ರಿಪ್ಟೊ ಆಬ್ಜೆಕ್ಟಿನ ರ‍್ಯಾಂಡಮ್ ಯುಯುಐಡಿ ಫಂಕ್ಷನ್ ಎಚ್‌ಟಿಟಿಪಿಎಸ್ ಪುಟಗಳಲ್ಲಿ ಮತ್ತು ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಸಿಗುತ್ತದೆ. ಕಚೇರಿಯ ಒಳಜಾಲದಲ್ಲಿ ಬರಿಯ ಎಚ್‌ಟಿಟಿಪಿಯಲ್ಲಿ ನಡೆಸುವವರಿಗೆ ಅದು ಇರುವುದೇ ಇಲ್ಲ.

ನೋಡ್ಗಾರ

ಇದು ನನ್ನ ಸಲಹೆಗಿಂತ ಉತ್ತಮ, ಒಪ್ಪಿದೆ. ಒಂದು ತಿದ್ದುಪಡಿ ಮಾತ್ರ: ಅದೇ ಗುರುತಿನೊಂದಿಗೆ ಬೇರೆ ಹೆಸರು ಬಂದರೆ ಹಳೆಯ ಉತ್ತರ ಕೊಡಬಾರದು. ಹಿಂದಿನ ಪುಟಕ್ಕೆ ಹೋಗಿ, ಹೆಸರನ್ನಷ್ಟೇ ಬದಲಿಸಿ ಮನೆಯ ಇನ್ನೊಬ್ಬರನ್ನು ಸೇರಿಸುವವರು ಇರುತ್ತಾರೆ. ಅವರ ಅರ್ಜಿಯಲ್ಲಿ ಹಳೆಯ ಯುಯುಐಡಿಯೇ ಉಳಿದಿರುತ್ತದೆ. ಸೇರಿಸಿದೆವು ಎಂದು ಅವರು ತಿಳಿದು ಎದ್ದುಹೋಗುತ್ತಾರೆ, ಟೇಬಲ್ಲಿನಲ್ಲಿ ಆ ಹೆಸರೇ ಇರುವುದಿಲ್ಲ. ಮರಳಿದ ಸಾಲಿನ ವಿವರಗಳನ್ನು ಕೋರಿಕೆಯ ವಿವರಗಳೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ 422 (ಕೋರಿಕೆಯನ್ನು ಸ್ವೀಕರಿಸಲಾಗದು) ಕೊಟ್ಟು ಹೊಸ ಅರ್ಜಿ ತೆರೆಯಲು ಹೇಳಬೇಕು.

ಪಟ್ಟಿಪುಸ್ತಕ

ಎರಡನೆಯ ತೊಂದರೆಯನ್ನು ಯಾರೂ ಮುಟ್ಟಿಲ್ಲ. ರಸೀದಿ ಇಲ್ಲದ ಸದಸ್ಯರು ಎಲ್ಲಿಂದ ಬಂದರು? ಮೊದಲ ಇನ್ಸರ್ಟ್ ಆಯಿತು, ಎರಡನೆಯದು ಆಗಲಿಲ್ಲ. ನಡುವೆ ಸರ್ವರ್ ಮರುಚಾಲನೆಯಾಗಿರಬಹುದು, ಠೇವಣಿಯ ಮೊತ್ತದಲ್ಲಿ ಅಂಕಿಯ ಬದಲು ಬೇರೇನೋ ಬಂದಿರಬಹುದು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಇಟ್ಟರೆ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ.

ಗ್ರಂಥಪಾಲಕರೇ, ನೀವು ಪೂಲ್ ಮೇಲೆ ನೇರವಾಗಿ ಕ್ವೆರಿ ಕರೆಯುತ್ತಿದ್ದೀರಾ?

ಗ್ರಂಥಪಾಲಕ

ಹೌದು. ಟ್ರಾನ್ಸಾಕ್ಷನ್ ಕೂಡ ಇದೆ: ಮೊದಲು ಬಿಗಿನ್ ಎಂದು ಪೂಲ್‌ಗೆ ಕಳುಹಿಸಿ, ಕೊನೆಗೆ ಎಲ್ಲವನ್ನೂ ಖಾಯಂ ಮಾಡುವ ಕಮಿಟ್ ಕಳುಹಿಸುತ್ತೇನೆ. ಹಾಗಿದ್ದೂ ರಸೀದಿ ತಪ್ಪುತ್ತಿರುವುದೇ ನನಗೆ ಬಿಡಿಸಲಾಗದ ಒಗಟಾಗಿದೆ.

ಪಟ್ಟಿಪುಸ್ತಕ

ಒಗಟು ಅಲ್ಲಿಯೇ ಇದೆ. ಪೂಲ್ ಎಂಬುದು ಹಲವು ಸಂಪರ್ಕಗಳ ಗುಂಪು. ಬೇರೆ ಹೇಳದಿದ್ದರೆ ಪಿಜಿಯಲ್ಲಿ ಗರಿಷ್ಠ 10. ಪೂಲ್ ಮೇಲೆ ಕರೆದ ಪ್ರತಿ ಕ್ವೆರಿಯೂ ಆ ಕ್ಷಣ ಬಿಡುವಾಗಿರುವ ಯಾವುದೋ ಒಂದು ಸಂಪರ್ಕಕ್ಕೆ ಹೋಗುತ್ತದೆ. ನಿಮ್ಮ ಬಿಗಿನ್ ಒಂದರಲ್ಲಿ, ಸದಸ್ಯರ ಇನ್ಸರ್ಟ್ ಇನ್ನೊಂದರಲ್ಲಿ, ಕಮಿಟ್ ಮತ್ತೊಂದರಲ್ಲಿ ನಡೆಯಬಹುದು. ನೀವೊಬ್ಬರೇ ಕುಳಿತು ಪರೀಕ್ಷಿಸುವಾಗ ಒಂದೇ ಸಂಪರ್ಕ ಮತ್ತೆ ಮತ್ತೆ ಸಿಗುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ಜನ ಹೆಚ್ಚಾದಾಗ ಮಾತ್ರ ಮುರಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬಿಗಿನ್ ಆಗಿ ಕಮಿಟ್ ಆಗದ ಸಂಪರ್ಕವೊಂದು ಪೂಲ್‌ಗೆ ಮರಳಿರುತ್ತದೆ. ಬೇರೆ ಯಾರದೋ ಇನ್ಸರ್ಟ್ ಆ ತೆರೆದ ಟ್ರಾನ್ಸಾಕ್ಷನ್ನಿನೊಳಗೆ ಸೇರಿ, ಮುಂದೆ ಎಂದೋ ರೋಲ್‌ಬ್ಯಾಕ್ ಆದಾಗ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಪೂಲ್‌ನ ಕನೆಕ್ಟ್ ಕರೆದು ಒಂದು ಕ್ಲೈಂಟ್ (ನಿಮಗಷ್ಟೇ ಮೀಸಲಾದ ಸಂಪರ್ಕ) ಪಡೆಯಿರಿ. ಬಿಗಿನ್, ಎರಡೂ ಇನ್ಸರ್ಟ್, ಕಮಿಟ್ ಎಲ್ಲವನ್ನೂ ಆ ಕ್ಲೈಂಟಿನ ಮೇಲೆಯೇ ನಡೆಸಿರಿ. ದೋಷ ಬಂದರೆ ರೋಲ್‌ಬ್ಯಾಕ್ ಮಾಡಿ ಎಲ್ಲವನ್ನೂ ರದ್ದುಗೊಳಿಸಿರಿ. ಫೈನಲಿ ಭಾಗದಲ್ಲಿ, ಕ್ಲೈಂಟನ್ನು ಪೂಲ್‌ಗೆ ಮರಳಿಸುವ ರಿಲೀಸ್ ಇರಲೇಬೇಕು. ಇಲ್ಲದಿದ್ದರೆ ಹತ್ತು ದೋಷಗಳಾಗುವಷ್ಟರಲ್ಲಿ ಪೂಲ್ ಬರಿದಾಗುತ್ತದೆ, ಸಂಪರ್ಕಕ್ಕಾಗಿ ಕಾಯುವ ಅವಧಿಗೆ ಮೂಲದಲ್ಲಿ ಮಿತಿಯೇ ಇಲ್ಲವಾದ್ದರಿಂದ ಹನ್ನೊಂದನೆಯ ಕೋರಿಕೆ ಕಾಯುತ್ತಲೇ ಇರುತ್ತದೆ.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ‘ವಿತ್’ ಬಳಸಿ ಸದಸ್ಯರ ಇನ್ಸರ್ಟ್‌ನಿಂದ ಮರಳಿದ ಐಡಿಯನ್ನು ಹಿಡಿದು, ಅದೇ ವಾಕ್ಯದಲ್ಲಿ ರಸೀದಿಯ ಇನ್ಸರ್ಟ್ ಬರೆಯಬಹುದು. ಒಂದೇ ವಾಕ್ಯವಾದ್ದರಿಂದ ಬಿಗಿನ್, ಕಮಿಟ್ ಯಾವುದೂ ಬೇಕಿಲ್ಲ; ಪೂಲ್ ಮೇಲೆಯೇ ಕರೆಯಬಹುದು.

ಮಂಗೋಪ್ರಿಯ

ಟೇಬಲ್ಲುಗಳ ಬದಲು ಡಾಕ್ಯುಮೆಂಟುಗಳನ್ನು ಇಡುವ ಮಾಂಗೊಡಿಬಿ ಬಳಸಿದ್ದರೆ ರಸೀದಿಯನ್ನು ಸದಸ್ಯರ ಡಾಕ್ಯುಮೆಂಟಿನ ಒಳಗೇ ಇಟ್ಟು ಒಂದೇ ಬರಹದಲ್ಲಿ ಮುಗಿಸಬಹುದಿತ್ತು. ಈ ರಗಳೆಯೇ ಇರುತ್ತಿರಲಿಲ್ಲ.

ಪಟ್ಟಿಪುಸ್ತಕ

ರಸೀದಿ ಪುಸ್ತಕವನ್ನು ಸದಸ್ಯರ ಆಧಾರದ ಮೇಲಲ್ಲದೆ ದಿನಾಂಕದ ಆಧಾರದ ಮೇಲೆ ಒಟ್ಟುಗೂಡಿಸಲು ಹೊರಟಾಗ ರಗಳೆ ಆರಂಭವಾಗುತ್ತದೆ. ಮಾಂಗೊಡಿಬಿಗಾಗಿ ಬಳಸುವ ಮಾಂಗೂಸ್ ಪ್ಯಾಕೇಜಿನಲ್ಲಿ ಸ್ಕೀಮಾದ ಒಳಗೆ ಯೂನೀಕ್ ಎಂದು ಬರೆದವರಲ್ಲಿ ಅನೇಕರು ಅದನ್ನು ತಪಾಸಣೆ ಎಂದೇ ತಿಳಿದಿದ್ದಾರೆ. ಅದು ತಪಾಸಣೆಯಲ್ಲ, ಇಂಡೆಕ್ಸ್ ಕಟ್ಟಲು ಕೊಟ್ಟ ಸೂಚನೆ ಮಾತ್ರ. ಟೇಬಲ್ಲಿನಲ್ಲಿ ಮೊದಲೇ ನಕಲುಗಳಿದ್ದು ಇಂಡೆಕ್ಸ್ ಕಟ್ಟುವುದು ವಿಫಲವಾದರೆ ಹೊಸ ನಕಲುಗಳೂ ಧಾರಾಳವಾಗಿ ಸೇರುತ್ತವೆ. ಇಂಡೆಕ್ಸ್ ಇದ್ದರೆ ಬರುವ ದೋಷವೂ ಮಾಂಗೂಸ್‌ನ ವ್ಯಾಲಿಡೇಶನ್ ದೋಷವಲ್ಲ, ಡೇಟಾಬೇಸಿನ ಇ11000.

ಮಂಗೋಪ್ರಿಯ

ಟೇಬಲ್ಲಲ್ಲ, ಕಲೆಕ್ಷನ್. ಉಳಿದದ್ದನ್ನು ಒಪ್ಪುತ್ತೇನೆ. ಹಲವು ಡಾಕ್ಯುಮೆಂಟುಗಳ ಟ್ರಾನ್ಸಾಕ್ಷನ್ ಮಾಂಗೊಡಿಬಿ 4.0ರಿಂದ ಇದೆ, ಆದರೆ ಅದಕ್ಕೆ ರೆಪ್ಲಿಕಾ ಸೆಟ್ (ಒಂದೇ ಮಾಹಿತಿಯ ಪ್ರತಿಗಳನ್ನಿಡುವ ಸರ್ವರುಗಳ ಗುಂಪು) ಬೇಕು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ.

ಲೆಕ್ಕದ_ಮನುಷ್ಯ

ನಾನು ಪ್ರೋಗ್ರಾಮರ್ ಅಲ್ಲ, ಸಹಕಾರ ಸಂಘಗಳ ಲೆಕ್ಕ ನೋಡುವವನು. ಈ ಚರ್ಚೆಯನ್ನು ಕುತೂಹಲದಿಂದ ಓದುತ್ತಿದ್ದೆ. ರಸೀದಿ ಸಂಖ್ಯೆಯನ್ನು ಕಂಪ್ಯೂಟರೇ ಕೊಡುವ ಕಡೆಗಳಲ್ಲಿ 41ರ ನಂತರ 43 ಬಂದಿರುತ್ತದೆ. 42 ಎಲ್ಲಿ ಎಂದು ಕೇಳಿದರೆ ‘ಸಿಸ್ಟಮ್ ಹಾಗೆ ಕೊಟ್ಟಿದೆ’ ಎಂಬ ಉತ್ತರ. ಲೆಕ್ಕದಲ್ಲಿ ಅಂಥ ಉತ್ತರಕ್ಕೆ ಬೆಲೆಯಿಲ್ಲ: ಕಾಣೆಯಾದ ರಸೀದಿ ಎಂದರೆ ಜೇಬಿಗಿಳಿದ ಹಣ ಎಂದೇ ಮೊದಲ ಅನುಮಾನ. ಇದು ಏಕೆ ಹೀಗಾಗುತ್ತದೆ ಎಂದು ತಿಳಿದವರು ವಿವರಿಸುವಿರಾ?

ಪಟ್ಟಿಪುಸ್ತಕ

ಬಹಳ ಮುಖ್ಯವಾದ ಪ್ರಶ್ನೆ, ಸರ್. ಪೋಸ್ಟ್‌ಗ್ರೆಸ್‌ನ ಸೀರಿಯಲ್ ಅಥವಾ ಐಡೆಂಟಿಟಿ ಕಾಲಮ್ಮಿನ ಹಿಂದೆ ಸೀಕ್ವೆನ್ಸ್ ಎಂಬುದೊಂದು ಇರುತ್ತದೆ. ಅದು ಕೊಟ್ಟ ಸಂಖ್ಯೆಯನ್ನು ಟ್ರಾನ್ಸಾಕ್ಷನ್ ರದ್ದಾದರೂ ಹಿಂದಕ್ಕೆ ಪಡೆಯುವುದಿಲ್ಲ. ಹಿಂದಕ್ಕೆ ಪಡೆಯುವುದಾದರೆ ಒಬ್ಬರ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಉಳಿದವರೆಲ್ಲ ಕಾಯಬೇಕಾಗುತ್ತಿತ್ತು. ಅದನ್ನು ತಪ್ಪಿಸಲೆಂದೇ ಹಾಗೆ ಮಾಡಿದ್ದಾರೆ. ಯೂನೀಕ್ ನಿರ್ಬಂಧಕ್ಕೆ ಸಿಕ್ಕಿ ವಿಫಲವಾದ ಇನ್ಸರ್ಟ್ ಕೂಡ ಒಂದು ಸಂಖ್ಯೆಯನ್ನು ತಿನ್ನುತ್ತದೆ. ಮೇಲೆ ಕರಾವಳಿಯವರು ಹೇಳಿದ ‘ಆನ್ ಕಾನ್ಫ್ಲಿಕ್ಟ್ ಡು ನಥಿಂಗ್’ ಕೂಡ ತಿನ್ನುತ್ತದೆ. ಸದಸ್ಯರ ಐಡಿಯಲ್ಲಿ ಇಂಥ ತೆರಪುಗಳಿಂದ ಯಾವ ತೊಂದರೆಯೂ ಇಲ್ಲ, ರಸೀದಿಯಲ್ಲಿ ಇದೆ.

ಆದ್ದರಿಂದ ರಸೀದಿ ಟೇಬಲ್ಲಿನ ಐಡಿ ಬೇರೆ, ಮುದ್ರಿಸುವ ರಸೀದಿ ಸಂಖ್ಯೆ ಬೇರೆ ಇರಲಿ. ಆರ್ಥಿಕ ವರ್ಷಕ್ಕೆ ಒಂದರಂತೆ ಸಾಲುಗಳಿರುವ ಸಣ್ಣ ಟೇಬಲ್ ಮಾಡಿ, ಅದರಲ್ಲಿ ಕೊನೆಯ ರಸೀದಿ ಸಂಖ್ಯೆಯನ್ನು ಇರಿಸಿರಿ. ಟ್ರಾನ್ಸಾಕ್ಷನ್ನಿನ ಒಳಗೇ ಆ ಸಾಲನ್ನು ಒಂದು ಹೆಚ್ಚಿಸಿ, ‘ರಿಟರ್ನಿಂಗ್’ ಮೂಲಕ ಹೊಸ ಸಂಖ್ಯೆಯನ್ನು ಪಡೆದು ರಸೀದಿಗೆ ಹಾಕಿರಿ. ಅಪ್‌ಡೇಟ್ ಆದ ಸಾಲು ಕಮಿಟ್ ಆಗುವವರೆಗೆ ಬೀಗದಲ್ಲಿರುವುದರಿಂದ ಇನ್ನೊಬ್ಬರಿಗೆ ಅದೇ ಸಂಖ್ಯೆ ಸಿಗುವುದಿಲ್ಲ. ರದ್ದಾದರೆ ಹೆಚ್ಚಿಸಿದ್ದೂ ರದ್ದಾಗುತ್ತದೆ. ಏಪ್ರಿಲ್ 1ರಿಂದ ಸಂಖ್ಯೆ ಮತ್ತೆ ಒಂದರಿಂದ ಆರಂಭವಾಗುವುದಕ್ಕೂ ಇದರಿಂದ ಅನುಕೂಲ. ಎಲ್ಲರೂ ಒಂದೇ ಸಾಲಿಗಾಗಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ ನಿಜ, ಆದರೆ ವಾಚನಾಲಯದ ಮಟ್ಟಕ್ಕೆ ಅದು ಯಾರ ಅರಿವಿಗೂ ಬರುವುದಿಲ್ಲ.

ಕರಾವಳಿ_ಕೋಡ್

ಒಂದು ಸೂಚನೆ: ಆ ಎಣಿಕೆಯ ಅಪ್‌ಡೇಟನ್ನು ಸದಸ್ಯರ ಇನ್ಸರ್ಟ್ ಯಶಸ್ವಿಯಾದ ನಂತರವೇ ಮಾಡಬೇಕು. ಬೀಗವನ್ನು ಹಿಡಿದುಕೊಂಡು ಇಮೇಲ್ ಅಥವಾ ಎಸ್‌ಎಂಎಸ್ ಕಳುಹಿಸಲು ಹೋಗಬಾರದು. ಸಂದೇಶ ಕಳುಹಿಸುವ ಕೆಲಸವೆಲ್ಲ ಕಮಿಟ್ ಆದ ಮೇಲೆ.

ಘಟ್ಟದ_ಮೇಲಿನವಳು

ಹ್ಯಾಂಡ್ಲರ್ ಹೇಗಿರಬೇಕು ಎಂಬುದರ ಬಗ್ಗೆ ಎರಡು ಮಾತು.

ಮೊದಲನೆಯದಾಗಿ, ಎಕ್ಸ್‌ಪ್ರೆಸ್ 4ರಲ್ಲಿ ಅಸಿಂಕ್ ಹ್ಯಾಂಡ್ಲರ್‌ನೊಳಗೆ ಎದ್ದ ದೋಷವನ್ನು ನೀವೇ ಹಿಡಿದು ನೆಕ್ಸ್ಟ್‌ಗೆ ಒಪ್ಪಿಸದಿದ್ದರೆ ಅದು ನಿಮ್ಮ ದೋಷನಿರ್ವಾಹಕಕ್ಕೆ ತಲುಪುವುದೇ ಇಲ್ಲ. ಹಿಂದೆ ಕೋರಿಕೆ ಸುಮ್ಮನೆ ನೇತಾಡುತ್ತಿತ್ತು. ನೋಡ್ 15ರಿಂದ ಈಚೆಗೆ, ಯಾರೂ ಹಿಡಿಯದ ಪ್ರಾಮಿಸ್ ದೋಷಕ್ಕೆ ಪ್ರಕ್ರಿಯೆಯೇ ನಿಲ್ಲುತ್ತದೆ. ಗ್ರಂಥಪಾಲಕರ ಸರ್ವರ್ ಆಗಾಗ ಮರುಚಾಲನೆ ಆಗುತ್ತಿದ್ದರೆ ರಸೀದಿ ತಪ್ಪುವುದಕ್ಕೆ ಅದೂ ಒಂದು ಕಾರಣವಾಗಿರಬಹುದು. 2024ರಲ್ಲಿ ಬಂದ ಎಕ್ಸ್‌ಪ್ರೆಸ್ 5 ಇಂಥ ದೋಷಗಳನ್ನು ತಾನೇ ದೋಷನಿರ್ವಾಹಕಕ್ಕೆ ಕಳುಹಿಸುತ್ತದೆ. ಈ ಒಂದು ಕಾರಣಕ್ಕೇ ಅದಕ್ಕೆ ಸಾಗುವುದು ಯೋಗ್ಯ. ಆದರೆ ಅಲ್ಲಿ ಬಾಡಿ (ಕೋರಿಕೆಯೊಡನೆ ಬಂದ ಮಾಹಿತಿ) ಪಾರ್ಸ್ ಆಗದಿದ್ದಾಗ ರಿಕ್ವೆಸ್ಟ್ ಬಾಡಿ ಖಾಲಿ ಆಬ್ಜೆಕ್ಟ್ ಆಗಿರುವುದಿಲ್ಲ, ಅನ್‌ಡಿಫೈನ್ಡ್ ಆಗಿರುತ್ತದೆ. ಕಂಟೆಂಟ್ ಟೈಪ್ ಇಲ್ಲದೆ ಬಂದ ಕೋರಿಕೆಗೆ ಹಳೆಯ ಹ್ಯಾಂಡ್ಲರ್ ಮೊದಲ ಸಾಲಿನಲ್ಲೇ ಎಡವುತ್ತದೆ.

ಎರಡನೆಯದಾಗಿ, ರಿಕ್ವೆಸ್ಟ್ ಬಾಡಿಯಲ್ಲಿರುವ ಕೀಗಳನ್ನೆಲ್ಲ ಸುತ್ತುತ್ತಾ ಕಾಲಮ್ ಹೆಸರುಗಳನ್ನು ಜೋಡಿಸಿ ಇನ್ಸರ್ಟ್ ವಾಕ್ಯ ಕಟ್ಟುವ ಅಭ್ಯಾಸ ಹಲವರಲ್ಲಿದೆ. $1, $2 ಎಂಬ ಸ್ಥಾನಸೂಚಕಗಳು ಮೌಲ್ಯಗಳನ್ನು ಮಾತ್ರ ರಕ್ಷಿಸುತ್ತವೆ, ಕಾಲಮ್ಮಿನ ಹೆಸರುಗಳನ್ನಲ್ಲ. ಓಆರ್‌ಎಂನ ಕ್ರಿಯೇಟ್‌ಗೆ ಇಡೀ ಬಾಡಿಯನ್ನು ಒಪ್ಪಿಸುವುದೂ ಅದೇ ಜಾತಿಯ ಅಪಾಯ: ಯಾರಾದರೂ ‘ನಿರ್ವಾಹಕ: ನಿಜ’ ಎಂಬ ಒಂದು ಕೀಯನ್ನು ತಾವೇ ಸೇರಿಸಿ ಕಳುಹಿಸಿದರೆ ಅದೂ ದಾಖಲಾಗುತ್ತದೆ. ರೈಲ್ಸ್ ಎಂಬ ವೆಬ್ ಚೌಕಟ್ಟಿನಲ್ಲಿ ಬರೆದ ಗಿಟ್‌ಹಬ್‌ನಲ್ಲಿಯೇ 2012ರ ಮಾರ್ಚ್‌ನಲ್ಲಿ ಇಂಥ ಒಂದು ಕಿಂಡಿ ಇತ್ತು. ಅದರ ಮೂಲಕ ಒಬ್ಬರು ರೈಲ್ಸ್ ಯೋಜನೆಗೇ ತಮ್ಮ ಕೀಲಿಯನ್ನು ಸೇರಿಸಿ ತೋರಿಸಿದ್ದರು. ಬೇಕಾದ ಫೀಲ್ಡುಗಳನ್ನು ಹೆಸರು ಹಿಡಿದು ಎತ್ತಿಕೊಳ್ಳಿರಿ, ಅಥವಾ ಜೋಡ್‌ನಂಥ ಪ್ಯಾಕೇಜಿನಿಂದ ಪರೀಕ್ಷಿಸಿದ ಆಬ್ಜೆಕ್ಟನ್ನು ಮಾತ್ರ ಮುಂದಕ್ಕೆ ಕೊಡಿರಿ. ಜೋಡ್ ಸಾಮಾನ್ಯವಾಗಿ ತನಗೆ ಗೊತ್ತಿಲ್ಲದ ಕೀಗಳನ್ನು ಉದುರಿಸಿಬಿಡುತ್ತದೆ.

ಹೊಸಬ_ವೆಬ್

ಹಾಗಾದರೆ ಹ್ಯಾಂಡ್ಲರ್‌ನಲ್ಲಿ ತಪಾಸಣೆಯೇ ಬೇಡವೆಂದು ನೋಡ್ಗಾರರು ಹೇಳಿದ್ದು ತಪ್ಪಲ್ಲವೇ, ಮೇಡಂ?

ಘಟ್ಟದ_ಮೇಲಿನವಳು

ಅವರು ಹಾಗೆ ಹೇಳಲಿಲ್ಲ. ಕೋರಿಕೆಯೊಂದನ್ನೇ ನೋಡಿ ಹೇಳಬಹುದಾದದ್ದು, ಉದಾಹರಣೆಗೆ ಹೆಸರು ಖಾಲಿಯಿದೆ, ಸಂಖ್ಯೆಯಲ್ಲಿ ಅಕ್ಷರವಿದೆ ಎಂಬಂಥದ್ದು, ಹ್ಯಾಂಡ್ಲರ್‌ನಲ್ಲಿ ಇರಲಿ; ಅದಕ್ಕೆ 400 ಕೊಟ್ಟು ಯಾವ ಫೀಲ್ಡ್ ತಪ್ಪಿದೆ ಎಂದು ಕನ್ನಡದಲ್ಲೇ ಹೇಳಿರಿ. ಬೇರೆ ಸಾಲುಗಳನ್ನು ನೋಡದೆ ಹೇಳಲಾಗದ್ದು ಡೇಟಾಬೇಸಿನ ನಿರ್ಬಂಧವಾಗಿಯೇ ಇರಬೇಕು. ಅದರ ದೋಷಸಂಕೇತವನ್ನು ಜನರಿಗೆ ಅರ್ಥವಾಗುವ ಉತ್ತರವಾಗಿ ಬದಲಿಸುವುದಷ್ಟೇ ಹ್ಯಾಂಡ್ಲರ್‌ನ ಪಾಲು.

ನೋಡ್ಗಾರ

ಸೃಷ್ಟಿಯಾದರೆ 200 ಅಲ್ಲ, 201 (ಹೊಸದು ಸೃಷ್ಟಿಯಾಯಿತು). ಹೊಸ ಸದಸ್ಯರ ದಾಖಲೆಯ ಯುಆರ್‌ಎಲ್ ಅನ್ನು ಲೊಕೇಶನ್ ಹೆಡರಿನಲ್ಲಿ ಕೊಡಬೇಕು. ಜೇಸನ್ ಅಲ್ಲದೆ ಸಾಮಾನ್ಯ ಎಚ್‌ಟಿಎಂಎಲ್ ಅರ್ಜಿಯಾದರೆ 303 ಕೊಟ್ಟು ಬೇರೆ ಪುಟಕ್ಕೆ ಕಳುಹಿಸಿರಿ, ಆಗ ರಿಫ್ರೆಶ್ ಮಾಡಿದವರು ಮತ್ತೆ ಪೋಸ್ಟ್ ಮಾಡುವುದಿಲ್ಲ.

ಬಯಲುಸೀಮೆ

201ರ ಬಗ್ಗೆ ಯುದ್ಧ ಮಾಡುವ ಕಾಲವಲ್ಲ ಇದು. ಆದರೆ 303 ನಿಜವಾಗಿಯೂ ಉಪಯುಕ್ತ.

ಗ್ರಂಥಪಾಲಕ

ಎಲ್ಲರಿಗೂ ಧನ್ಯವಾದ. ಅರ್ಜಿ ಗುರುತಿನ ಕಾಲಮ್, ಒಂದೇ ಕ್ಲೈಂಟಿನ ಮೇಲೆ ಟ್ರಾನ್ಸಾಕ್ಷನ್, ರಸೀದಿಯ ಎಣಿಕೆಯ ಟೇಬಲ್, 303 ಇವೆಲ್ಲವನ್ನೂ ಅಳವಡಿಸಿದ್ದೇನೆ. ಮೊಬೈಲ್ ಸಂಖ್ಯೆ ಹೊಂದಿದರೆ ಸಿಬ್ಬಂದಿಗೆ ಸೂಚನೆ ಮಾತ್ರ ಬರುತ್ತದೆ, ತಡೆ ಇಲ್ಲ. ಎರಡು ಟರ್ಮಿನಲ್ಲುಗಳಿಂದ ಒಂದೇ ಅರ್ಜಿಯನ್ನು ಒಟ್ಟಿಗೆ ಕಳುಹಿಸಿ ನೋಡಿದರೆ ಒಂದೇ ಸಾಲು ಸೇರುತ್ತಿದೆ.

ಈಗ ಉಳಿದಿರುವುದು ಒಂದು ವಿಚಿತ್ರ. ಸದಸ್ಯತ್ವದ ದಿನಾಂಕದ ಕಾಲಮ್ ಡೇಟ್ ಬಗೆಯದು. ಆಗಸ್ಟ್ 15 ಎಂದು ಸೇರಿಸಿದರೆ ನನ್ನ ಲ್ಯಾಪ್‌ಟಾಪಿನಲ್ಲಿ ಉತ್ತರದ ಜೇಸನ್ ಆಗಸ್ಟ್ 14 ಎಂದು ತೋರಿಸುತ್ತದೆ. ಬಾಡಿಗೆಯ ಸರ್ವರಿನಲ್ಲಿ ಅದೇ ಕೋಡ್ ಆಗಸ್ಟ್ 15 ಎಂದೇ ತೋರಿಸುತ್ತದೆ.

ಪಟ್ಟಿಪುಸ್ತಕ

ಪಿಜಿ ಪ್ಯಾಕೇಜು ಡೇಟ್ ಕಾಲಮ್ಮನ್ನು ಜಾವಾಸ್ಕ್ರಿಪ್ಟಿನ ಡೇಟ್ ಆಬ್ಜೆಕ್ಟಾಗಿ ಬದಲಿಸುವಾಗ ಆ ಯಂತ್ರದ ಸ್ಥಳೀಯ ಸಮಯದ ನಡುರಾತ್ರಿ ಎಂದು ಭಾವಿಸುತ್ತದೆ. ಲ್ಯಾಪ್‌ಟಾಪ್ ಭಾರತೀಯ ಕಾಲಮಾನದಲ್ಲಿದೆ. ಆಗಸ್ಟ್ 15ರ ನಡುರಾತ್ರಿಯನ್ನು ಜೇಸನ್‌ಗೆ ಬದಲಿಸುವಾಗ ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಹೋಗುವುದರಿಂದ ಐದೂವರೆ ಗಂಟೆ ಹಿಂದೆ ಸರಿದು ಆಗಸ್ಟ್ 14ರ 18:30 ಆಗುತ್ತದೆ. ಬಾಡಿಗೆಯ ಸರ್ವರ್ ಯುಟಿಸಿಯಲ್ಲೇ ಇರುವುದರಿಂದ ಅಲ್ಲಿ ಸರಿಯುವುದಿಲ್ಲ. ಟೇಬಲ್ಲಿನಲ್ಲಿರುವ ದಿನಾಂಕ ಎರಡೂ ಕಡೆ ಸರಿಯಾಗಿಯೇ ಇದೆ. ಪಿಜಿಯ ಟೈಪ್ಸ್ ಆಬ್ಜೆಕ್ಟಿನಲ್ಲಿ ಸೆಟ್ ಟೈಪ್ ಪಾರ್ಸರ್ ಕರೆದು, 1082 ಎಂಬ ಬಗೆಗೆ (ಡೇಟ್ ಬಗೆಯ ಸಂಖ್ಯೆ) ಬಂದ ಪಠ್ಯವನ್ನು ಹಾಗೆಯೇ ಮರಳಿಸುವಂತೆ ಹೇಳಿರಿ. ಹುಟ್ಟಿದ ದಿನ, ಸೇರಿದ ದಿನ ಇವುಗಳಿಗೆ ಗಂಟೆ ನಿಮಿಷಗಳ ಸಂಬಂಧವೇ ಇಲ್ಲ, ಆದ್ದರಿಂದ ಅವು ಪಠ್ಯವಾಗಿಯೇ ಓಡಾಡಲಿ.

ಲೆಕ್ಕದ_ಮನುಷ್ಯ

ಠೇವಣಿಯ ಮೊತ್ತಕ್ಕೂ ಇಂಥದ್ದೇನಾದರೂ ಆಗುತ್ತದೆಯೇ?

ಪಟ್ಟಿಪುಸ್ತಕ

ನ್ಯೂಮರಿಕ್ ಕಾಲಮ್ಮನ್ನು ಪಿಜಿ ಪಠ್ಯವಾಗಿಯೇ ಕೊಡುತ್ತದೆ, ಸರ್. ಜಾವಾಸ್ಕ್ರಿಪ್ಟಿನ ಸಂಖ್ಯೆಗೆ ಬದಲಿಸಿದರೆ ಪೈಸೆಯ ಲೆಕ್ಕ ತಪ್ಪಬಹುದೆಂಬ ಕಾರಣಕ್ಕೆ. ಅದನ್ನು ಹಾಗೆಯೇ ಬಿಟ್ಟು, ಕೂಡುವ ಕೆಲಸವನ್ನೆಲ್ಲ ಎಸ್‌ಕ್ಯೂಎಲ್‌ನ ಸಮ್ ಮಾಡಲಿ. ಪಠ್ಯವೆಂದು ಗಮನಿಸದೆ ಎರಡು ಮೊತ್ತಗಳ ನಡುವೆ ಕೂಡುವ ಚಿಹ್ನೆ ಇಟ್ಟರೆ ‘500.00’ ಮತ್ತು ‘200.00’ ಸೇರಿ ‘500.00200.00’ ಆಗುತ್ತದೆ.

ಕರಾವಳಿ_ಕೋಡ್

ದಿನಾಂಕದ ವಿಷಯದಲ್ಲಿ ಇನ್ನೊಂದು. ಇನ್ಸರ್ಟ್‌ನಲ್ಲಿ ಕರೆಂಟ್ ಡೇಟ್ ಬಳಸುತ್ತಿದ್ದರೆ ಪೋಸ್ಟ್‌ಗ್ರೆಸ್ ಆ ಸಂಪರ್ಕದ ಕಾಲವಲಯವನ್ನು ನೋಡಿ ದಿನಾಂಕ ಹಾಕುತ್ತದೆ. ಬಾಡಿಗೆಯ ಸರ್ವರಿನಲ್ಲಿ ಅದೂ ಯುಟಿಸಿ ಆಗಿದ್ದರೆ, ಬೆಳಗಿನ ಐದೂವರೆಗೆ ಮೊದಲು ಬಂದ ಅರ್ಜಿಗಳಿಗೆ ಹಿಂದಿನ ದಿನದ ತಾರೀಖು ಬೀಳುತ್ತದೆ. ಆ ಹೊತ್ತಿಗೆ ವಾಚನಾಲಯದ ಬಾಗಿಲು ತೆರೆದಿರುವುದಿಲ್ಲವಾದ್ದರಿಂದ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಮನೆಯಿಂದಲೇ ಅರ್ಜಿ ಹಾಕುವ ಸೌಲಭ್ಯ ಕೊಟ್ಟರೆ ಬೀಳುತ್ತದೆ, ಅದರಲ್ಲೂ ಏಪ್ರಿಲ್ 1ರ ನಸುಕಿನ ಅರ್ಜಿಗೆ ಹಳೆಯ ಆರ್ಥಿಕ ವರ್ಷದ ರಸೀದಿ ಸಂಖ್ಯೆ ಬಂದಾಗ. ಆ ಡೇಟಾಬೇಸಿನ ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಈಗಲೇ ಹೊಂದಿಸಿಬಿಡಿರಿ.

ಗ್ರಂಥಪಾಲಕ

ಕರೆಂಟ್ ಡೇಟ್ ಬಳಸಿದ್ದೇನೆ. ಈಗಲೇ ಬದಲಿಸುತ್ತೇನೆ.